ಕೊಡಿ, ಕೋಡಿ ಮತ್ತು ಒಂದು ಜಪಾನಿ ಹಾಡು

ಎಂಟನೇ ತರಗತಿಯಲ್ಲಿದ್ದಾಗ ಒಂದು ದಿನ ನಾನು ಎದ್ದು ನಿಂತು, "ಟೀಚರ್, ನನ್ನ ನೋಟ್ಸ್ ಕೋಡಿ" ಎಂದು ಕೇಳಿದ್ದೆ. ಹಿಂದಿನ ಬೆಂಚಿನಿಂದ ಯಾರೋ, "ಯಾವ ಕೆರೆ ಕೋಡಿ ಬಿತ್ತು?" ಎಂದರು. ಇಡೀ ತರಗತಿ ನಕ್ಕಿತು. ನಮ್ಮ ಮನೆಯ ಮಾತು ಉರ್ದು. ಕನ್ನಡದ ಹ್ರಸ್ವ ಎ, ಒ ನನ್ನ ನಾಲಿಗೆಗೆ ತಡವಾಗಿ ಬಂದವು. ಅಂದಿನಿಂದ ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ನಾನು ಕೈ ಎತ್ತುವುದನ್ನು ಬಿಟ್ಟೆ. ಈ ವರ್ಷ ನಾವು ವಾರ್ಷಿಕೋತ್ಸವಕ್ಕೆ ಹಾಡು ಹುಡುಕಲು ಹೊರಟಾಗ ಆ ದೀರ್ಘ, ಹ್ರಸ್ವಗಳು ಮತ್ತೆ ಎದುರಾಗುತ್ತವೆ ಎಂದು ನಾನು ಅಂದುಕೊಂಡಿರಲಿಲ್ಲ.

ನಮ್ಮ ಕಾಲೇಜಿನ ವೇದಿಕೆಯಲ್ಲಿ ವಾದ್ಯವಿಲ್ಲ, ಕರೋಕೆ ಟ್ರ್ಯಾಕ್ ಕೂಡ ಇಲ್ಲ. ಇದು ನಿಮಗೆಲ್ಲ ಗೊತ್ತಿರುವುದೇ. ಚಿಕ್ಕಂದಿನಿಂದ ಹಮ್ದ್, ನಾತ್‌ಗಳನ್ನು ಬರಿಯ ಕಂಠದಲ್ಲೇ ಕೇಳಿ, ಹಾಡಿ ಬೆಳೆದ ನಮಗೆ ಅದು ಕಷ್ಟವೂ ಅಲ್ಲ. ವಾದ್ಯವಿಲ್ಲದೆ ಹಾಡುವುದಕ್ಕೆ 'ಅ ಕಪೆಲ್ಲಾ' ಎಂಬ ಇಟಾಲಿಯನ್ ಹೆಸರಿದೆ ಎಂಬುದಷ್ಟೇ ಹೊಸದು. ನಾವು ನಾಲ್ವರು. ನಾನು ಮತ್ತು ಇನ್ನೊಬ್ಬಳು ಉರ್ದು ಮನೆಯವರು, ಒಬ್ಬಳು ಬ್ಯಾರಿ, ಒಬ್ಬಳು ಕನ್ನಡ ಮನೆಯವಳು. ಯಾರ ಭಾಷೆಯಲ್ಲಿ ಹಾಡುವುದು ಎಂಬ ಚರ್ಚೆ ಮೂರು ದಿನ ನಡೆಯಿತು. ಕೊನೆಗೆ ಯಾರ ಮನೆಯದೂ ಅಲ್ಲದ ಜಪಾನಿ ಭಾಷೆ ಗೆದ್ದಿತು. ಅನಿಮೆ ನೋಡದವರು ನಮ್ಮಲ್ಲಿ ಯಾರೂ ಇರಲಿಲ್ಲ ಎಂಬುದು ನಿಜವಾದ ಕಾರಣ.

ಮೊದಲು ಆರಿಸಿದ್ದು ಲೀಸಾ ಹಾಡಿದ 'ಗುರೆಂಗೆ'. 2019ರ 'ಡೀಮನ್ ಸ್ಲೇಯರ್' ಅನಿಮೆಯ ಆರಂಭದ ಹಾಡು. ಕಿವಿಗೆ ಹಾಕಿಕೊಂಡು ಕೇಳುವಾಗ ನಾವೂ ಲೀಸಾಳೇ. ಊಟದ ಬಿಡುವಿನಲ್ಲಿ ತರಗತಿಯ ಮುಂದೆ ಹಾಡಿ ತೋರಿಸಿದೆವು. ಪಲ್ಲವಿ ಮೇಲಕ್ಕೆ ಏರುತ್ತಿದ್ದಂತೆ ಒಬ್ಬಳು ನಿಂತಳು, ಇನ್ನೊಬ್ಬಳು ಕೆಮ್ಮಿದಳು, ನಾನು ಬರೀ ಬಾಯಿ ಆಡಿಸಿದೆ. ಕೊನೆಗೆ ಉಳಿದದ್ದು ಕನ್ನಡ ಮನೆಯ ಗೆಳತಿಯ ದನಿ ಮಾತ್ರ. ಅವಳು ಕರ್ನಾಟಕ ಸಂಗೀತ ಕಲಿಯುತ್ತಾಳೆ. ತರಗತಿ ಮತ್ತೆ ನಕ್ಕಿತು. ನಮ್ಮ ಬ್ಯಾರಿ ಗೆಳತಿಯ ದನಿ ಮೊದಲೇ ಮೆಲ್ಲಗೆ. ಅವಳು, "ನಾನು ಬರೋದಿಲ್ಲ, ನೀವೇ ಹಾಡಿ" ಎಂದಳು. ಆ ಮುಖ ನನಗೆ ಗೊತ್ತಿತ್ತು. ಎಂಟನೇ ತರಗತಿಯಲ್ಲಿ ಅದು ನನ್ನದಾಗಿತ್ತು.

ಆಗ ಕಾಮರ್ಸ್ ವಿದ್ಯಾರ್ಥಿನಿ ಮಾಡುವ ಕೆಲಸವನ್ನೇ ಮಾಡಿದೆ. ಒಂದು ನೋಟ್‌ಬುಕ್ ತೆಗೆದು ಐದು ಕಾಲಂ ಹಾಕಿದೆ. ಹಾಡಿನ ಅತಿ ಕೆಳಗಿನ ಮತ್ತು ಅತಿ ಮೇಲಿನ ಸ್ವರ ನಮ್ಮಲ್ಲಿ ಅತಿ ಮೆಲ್ಲಗೆ ಹಾಡುವವಳಿಗೆ ಎಟಕುತ್ತದೆಯೇ? ಸಾಲುಗಳ ನಡುವೆ ಉಸಿರು ತೆಗೆದುಕೊಳ್ಳಲು ಜಾಗವಿದೆಯೇ? ಗೊತ್ತಿಲ್ಲದ ಭಾಷೆಯ ಮಾತುಗಳು ಆ ವೇಗದಲ್ಲಿ ಬಾಯಿಗೆ ಬರುತ್ತವೆಯೇ? ಗಿಟಾರ್, ಡ್ರಮ್ ತೆಗೆದರೂ ಹಾಡು ಹಾಡಾಗಿ ಉಳಿಯುತ್ತದೆಯೇ? ಅರ್ಥವನ್ನು ಮೇಡಂಗೆ, ಮನೆಯಲ್ಲಿ ದಾದಿಗೆ ಧೈರ್ಯವಾಗಿ ಹೇಳಬಹುದೇ?

ಲೆಕ್ಕ ಹಾಕುತ್ತಾ ಹೋದಂತೆ ನಮ್ಮ ಇಷ್ಟದ ಹಾಡುಗಳೆಲ್ಲ ನಷ್ಟದ ಕಡೆಗೆ ಬಿದ್ದವು. ಯೋಅಸೋಬಿ ತಂಡದ 2023ರ 'ಐಡಲ್' ಮೂರನೇ ಕಾಲಂನಲ್ಲೇ ಬಿತ್ತು, ಅಷ್ಟು ವೇಗ. ಗೋಸ್ಪೆಲರ್ಸ್ ಎಂಬ ಐವರ ತಂಡದ 2001ರ 'ಹಿತೊರಿ' ಮೂಲದಲ್ಲೇ ವಾದ್ಯವಿಲ್ಲದ ಹಾಡು, ಹಾಗಾಗಿ ಸುಲಭವಿರಬೇಕು ಎಂದುಕೊಂಡೆವು. ಅದು ನಮ್ಮ ದೊಡ್ಡ ತಪ್ಪು. ಐದು ಗಂಡು ದನಿಗಳು ವರ್ಷಗಟ್ಟಲೆ ಪಳಗಿ ಹೆಣೆದ ಹಾಡು ಅದು. ಒಂದು ದನಿ ಜಾರಿದರೆ ಮುಚ್ಚಿಕೊಳ್ಳಲು ಏನೂ ಇಲ್ಲ. ಸ್ಮ್ಯಾಪ್ ತಂಡ 2003ರಲ್ಲಿ ಹೊರತಂದ 'ಸೆಕಾಯಿ ನಿ ಹಿತೊತ್ಸು ದಕೆ ನೊ ಹನ', ಅಂದರೆ 'ಜಗತ್ತಿನಲ್ಲಿ ಒಂದೇ ಒಂದಾದ ಹೂವು', ಎಲ್ಲ ಕಾಲಂ ದಾಟಿತು. ಆದರೆ ನಮಗೆ ಸ್ವಲ್ಪ ಉದ್ದವಾಯಿತು.

ಗೆದ್ದದ್ದು ನಮ್ಮ ದಾದಿಯ ಕಾಲದ ಹಾಡು. ಕ್ಯೂ ಸಕಾಮೊತೊ 1961ರಲ್ಲಿ ಹಾಡಿದ 'ಉಎ ಒ ಮುಇತೆ ಅರುಕೋ'. ಮೇಲೆ ನೋಡುತ್ತಾ ನಡೆಯೋಣ ಎಂದು ಅರ್ಥ. ದುಃಖವನ್ನು ಒಳಗೇ ಹಿಡಿದುಕೊಂಡು ಒಬ್ಬನೇ ನಡೆಯುವವನ ಹಾಡು. ಬರೆದವರು ರೊಕುಸುಕೆ ಎಯಿ, ರಾಗ ಹಾಕಿದವರು ಹಚಿದಾಯ್ ನಕಮುರ. 1963ರ ಜೂನ್‌ನಲ್ಲಿ ಇದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಹೊರದೇಶದವರಿಗೆ ಹೆಸರು ಹೇಳಲು ಕಷ್ಟ ಎಂದು ಅದಕ್ಕೆ 'ಸುಕಿಯಾಕಿ' ಎಂದು ಹೆಸರಿಟ್ಟಿದ್ದರು. ಸುಕಿಯಾಕಿ ಎಂದರೆ ಒಂದು ಮಾಂಸದ ಅಡುಗೆ! ದುಃಖದ ಗಜಲ್‌ಗೆ ಬಿರಿಯಾನಿ ಎಂದು ಹೆಸರಿಟ್ಟ ಹಾಗೆ. ಸಕಾಮೊತೊ 1985ರ ವಿಮಾನ ಅಪಘಾತದಲ್ಲಿ, 43ನೇ ವಯಸ್ಸಿನಲ್ಲಿ ತೀರಿಕೊಂಡರು. ಹಾಡು ಮಾತ್ರ ಉಳಿದಿದೆ.

ಹಾಡಿನ ಆರಂಭ ಕೇಳಿದ ಸಂಗೀತದ ಗೆಳತಿ, "ಇದರಲ್ಲಿ ಮ, ನಿ ಇಲ್ಲ ಕಣೇ, ನಮ್ಮ ಮೋಹನ ರಾಗದ ಹಾಗಿದೆ" ಎಂದಳು. ಜಪಾನಿನ ಎಷ್ಟೋ ಹಳೆಯ ಹಾಡುಗಳು ಹೀಗೆ ಐದು ಸ್ವರಗಳಲ್ಲಿ ನಡೆಯುತ್ತವೆಯಂತೆ. ಬ್ಯಾರಿ ಗೆಳತಿ ಒಮ್ಮೆ ಗುನುಗಿ ನೋಡಿ, "ಇದು ನನಗೆ ಆಗುತ್ತೆ" ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ಇನ್ನು ಬರೆದುಕೊಳ್ಳುವ ಕೆಲಸ. ಮೊದಲು ಉರ್ದು ಲಿಪಿಯಲ್ಲಿ ಬರೆದೆ. ಒ ಮತ್ತು ಓ ಒಂದೇ ಥರ ಕಂಡವು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಾಲ್ವರು ನಾಲ್ಕು ರೀತಿ ಓದಿದರು. ಜಪಾನಿಯಲ್ಲಿ ಇದು ಸಣ್ಣ ವಿಷಯವಲ್ಲ. 'ಒಬಸನ್' ಎಂದರೆ ಚಿಕ್ಕಮ್ಮ, ಅತ್ತೆಯಂಥವರು. 'ಒಬಾಸನ್' ಎಂದರೆ ಅಜ್ಜಿ. 'ಕಿತೆ' ಎಂದರೆ ಬಾ, ಒತ್ತಿ 'ಕಿತ್ತೆ' ಎಂದರೆ ಅಂಚೆ ಚೀಟಿ. ಕೊನೆಗೆ ಕನ್ನಡದಲ್ಲಿ ಬರೆದೆ. ಎಲ್ಲವೂ ಸರಿಯಾಗಿ ಕೂತಿತು. ಹ್ರಸ್ವ ಎ, ಒ ಬೇರೆ, ದೀರ್ಘ ಏ, ಓ ಬೇರೆ, ಒತ್ತಕ್ಷರವೂ ಇದೆ. ಛಂದಸ್ಸಿನ ಪಾಠದಲ್ಲಿ ಲೆಕ್ಕ ಹಾಕುವ ಮಾತ್ರೆಯ ಹಾಗೆ, ಜಪಾನಿ ಮಾತಿನಲ್ಲೂ ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಅವರ ಅಕ್ಷರಗಳ ಕ್ರಮವೂ ಅ ಇ ಉ ಎ ಒ, ಆಮೇಲೆ ಕ ಸ ತ ನ. ಬೌದ್ಧರ ಸಂಸ್ಕೃತ ಕಲಿಕೆಯ ಮೂಲಕ ಭಾರತದ ವರ್ಣಮಾಲೆಯ ಕ್ರಮ ಅಲ್ಲಿಗೆ ಹೋಗಿದೆ.

'ಒ ಮುಇತೆ' ಎಂಬಲ್ಲಿನ ಒ ಹ್ರಸ್ವ, 'ಅರುಕೋ' ಎಂಬಲ್ಲಿನ ಕೋ ದೀರ್ಘ. ಎರಡನ್ನೂ ತಪ್ಪದೆ ಹೇಳಿಕೊಟ್ಟವಳು ನಾನು! ನಾಲ್ಕು ವರ್ಷ ಕೊಡಿ, ಕೋಡಿ ಎಂದು ಒಳಗೊಳಗೇ ತಿದ್ದಿಕೊಂಡವಳ ಕಿವಿಗೆ ಆ ವ್ಯತ್ಯಾಸ ಎಲ್ಲರಿಗಿಂತ ಬೇಗ ಕೇಳುತ್ತಿತ್ತು. ಸಂಗೀತದ ಗೆಳತಿಯೇ ಒಂದು ದಿನ, "ಇದು ದೀರ್ಘವಾ, ಹ್ರಸ್ವವಾ, ನೀನೇ ಹೇಳು" ಎಂದಳು. ಅವಳಿಗೆ ಅದು ಮಾಮೂಲು ಪ್ರಶ್ನೆ. ನನಗೆ ಅಲ್ಲ.

ಅಭ್ಯಾಸದಲ್ಲಿ ಬೇರೆ ತೊಂದರೆಗಳೂ ಬಂದವು. ವಾದ್ಯವಿಲ್ಲದಿದ್ದರೆ ಶ್ರುತಿ ನಮಗೆ ತಿಳಿಯದೆ ಕೆಳಗಿಳಿಯುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಹೋಲಿಸಿದಾಗಲೇ ಗೊತ್ತಾಯಿತು. ಹಾಗಾಗಿ ಇಬ್ಬರು ಹಾಡಿದೆವು, ಒಬ್ಬಳು 'ಊ' ಎಂದು ಆಧಾರ ಸ್ವರ ಹಿಡಿದಳು, ಬ್ಯಾರಿ ಗೆಳತಿ ತನ್ನ ಮೆಲ್ಲನೆಯ ಕೆಳದನಿಯಲ್ಲಿ 'ದುಮ್ ದುಮ್' ಎಂದು ತಾಳ ಕೊಟ್ಟಳು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅವಳ ದನಿಯೇ. ಮೂಲ ಹಾಡಿನಲ್ಲಿ ಶಿಳ್ಳೆಯ ಭಾಗವೂ ಇದೆ. ಮನೆಯಲ್ಲಿ ಒಮ್ಮೆ ಪ್ರಯತ್ನಿಸಿದ್ದಕ್ಕೆ ದಾದಿ ಚಪ್ಪಲಿ ಹುಡುಕಿದರು. ಅಲ್ಲಿ ಶಿಳ್ಳೆಯ ಬದಲು ಬಾಯಿ ಮುಚ್ಚಿ ಗುನುಗಿದೆವು.

ವಾರ್ಷಿಕೋತ್ಸವದ ದಿನ ನಮ್ಮ ಶ್ರುತಿ ಸ್ವಲ್ಪ ಇಳಿಯಿತು, ಆದರೆ ಯಾರೂ ನಿಲ್ಲಲಿಲ್ಲ. ಹಾಡುವ ಮೊದಲು ಅದರ ಅರ್ಥವನ್ನು ಮೈಕಿನಲ್ಲಿ ಕನ್ನಡದಲ್ಲಿ ಹೇಳಬೇಕಿತ್ತು. ಆ ಕೆಲಸವನ್ನು ನಾನೇ ಕೇಳಿ ಪಡೆದೆ. "ದಯವಿಟ್ಟು ಗಮನ ಕೊಡಿ" ಎಂದೇ ಶುರು ಮಾಡಿದೆ. ಯಾರೂ ನಗಲಿಲ್ಲ.

ಐದು ಕಾಲಂನ ಆ ನೋಟ್‌ಬುಕ್ಕನ್ನು ಪ್ರಥಮ ಪಿಯುಸಿಯ ತಂಗಿಯರಿಗೆ ಕೊಟ್ಟಿದ್ದೇನೆ. ಇನ್ನೂ ತುಂಬಾ ಪುಟಗಳು ಖಾಲಿ ಇವೆ. ಹಾಡು ನಿಮಗೆ ಬಿಟ್ಟದ್ದು. ಮೊದಲ ಕಾಲಂ ಮಾತ್ರ ಬದಲಿಸಬೇಡಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ