ಸಾವಿರ ರೂಪಾಯಿಯೊಳಗೆ ಒಂದು ಬ್ಯಾಟ್ರಿ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಟಾರ್ಚ್ ಅಂತ ಹಳಬರು ಯಾರೂ ಅನ್ನುವುದಿಲ್ಲ. ಅದು ಬ್ಯಾಟ್ರಿ. ಒಳಗೆ ಹಾಕುವುದು ಶೆಲ್ಲು. ಎರಡು ಶೆಲ್ಲಿನ ಬ್ಯಾಟ್ರಿ ಇಟ್ಟುಕೊಂಡವನು ನಮ್ಮ ನಿಮ್ಮಂಥವನು, ಮೂರು ಶೆಲ್ಲಿನದ್ದು ಇದ್ದರೆ ಸ್ವಲ್ಪ ಗಟ್ಟಿ ಕುಳ, ಐದು ಶೆಲ್ಲಿನದ್ದು ಇದ್ದರೆ ಒಂದೋ ದೊಡ್ಡ ತೋಟದ ಯಜಮಾನ, ಇಲ್ಲಾ ಪೊಲೀಸು :-) ಬೆಂಗಳೂರಿನ ಅಂಗಡಿಯಲ್ಲಿ "ಬ್ಯಾಟ್ರಿ ಕೊಡಿ" ಅಂದರೆ ಮಾತ್ರ ಗೋಡೆ ಗಡಿಯಾರದ ಶೆಲ್ಲು ತೆಗೆದು ಕೊಡುತ್ತಾರೆ.

ಈ ಬರಹ ಬ್ಯಾಟ್ರಿ ಬಗ್ಗೆಯೇ. ಅದರಲ್ಲೂ ಪೊಲೀಸರು ರಾತ್ರಿ ಗಸ್ತಿನಲ್ಲಿ ಹಿಡಿದುಕೊಂಡು ಓಡಾಡುವ ಬ್ಯಾಟ್ರಿ ಬಗ್ಗೆ. ಕಾರಣ ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು. ನಮ್ಮ ಕಡೆಯದೇ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಸಂಕ್ರಾಂತಿಗೆ ಮುಂಚೆ ಫೋನ್ ಮಾಡಿದ್ದರು. "ನಿಂದು ಇಂಜಿನಿಯರಿಂಗ್ ಅಲ್ವೇನೋ? ಒಂದು ಒಳ್ಳೆ ಬ್ಯಾಟ್ರಿ ಆರಿಸಿ ಹೇಳು. ಸಾವಿರ ದಾಟಬಾರದು. ನನಗೊಂದು, ಜೊತೆಯವರಿಗೆ ಮೂರು." ನಾನು ಓದಿದ್ದು ಕಂಪ್ಯೂಟರ್ ಸೈನ್ಸು, ದಿನವಿಡೀ ಬರೆಯುವುದು ಜಾವಾ ಕೋಡು. ಆದರೆ ಭಾವ ಕೇಳಿದ ಮೇಲೆ ಇಂಥ ನೆಪವೆಲ್ಲ ನಡೆಯುತ್ತದೆಯೇ?

ಪೊಲೀಸರಿಗೆ ಬ್ಯಾಟ್ರಿ ಅಂತ ಹುಡುಕಿದರೆ ಮೊದಲು ಸಿಗುವ ಪದ "ಟ್ಯಾಕ್ಟಿಕಲ್". ಕಪ್ಪು ಬಣ್ಣ, ಬಾಯಿಗೆ ಗರಗಸದ ಹಾಗೆ ಹಲ್ಲು, ಮೇಲೆ "10,000 ಲುಮೆನ್" ಎಂಬ ಸ್ಟಿಕ್ಕರ್, ಬೆಲೆ 499! ಇಂಥವನ್ನು ನೋಡಿದರೆ ನಮ್ಮಂಥವರಿಗೆ ಮೊದಲು ಬರುವುದು ಗುಣಾಕಾರ ಭಾಗಾಕಾರ.

ಈ ಬ್ಯಾಟ್ರಿಗಳಲ್ಲಿ ಇರುವುದು ಸಾಮಾನ್ಯವಾಗಿ 18650 ಎಂಬ ಲಿಥಿಯಂ ಶೆಲ್ಲು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ ಆ ಹೆಸರು. ಒಳ್ಳೆಯ ಶೆಲ್ಲಿನಲ್ಲಿ 3,500 ಎಂಎಎಚ್ ಆಸುಪಾಸು ಇರುತ್ತದೆ, ಅಂದರೆ ಸುಮಾರು 12 ವ್ಯಾಟ್-ಅವರ್. ಎಲ್‌ಇಡಿ ಒಂದು ವ್ಯಾಟಿಗೆ 100 ಲುಮೆನ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. 10,000 ಲುಮೆನ್ ಬೇಕಾದರೆ 100 ವ್ಯಾಟ್. ಅದು "8 ಗಂಟೆ ಉರಿಯುತ್ತದೆ" ಅನ್ನಬೇಕಾದರೆ 800 ವ್ಯಾಟ್-ಅವರ್. ಹತ್ತಿರ ಹತ್ತಿರ 67 ಶೆಲ್ಲು ಬೇಕು! ಗಸ್ತಿಗೆ ಬೈಕ್ ಬಿಟ್ಟು ಎತ್ತಿನ ಗಾಡಿ ಕಟ್ಟಬೇಕಾಗುತ್ತದೆ. ಶೆಲ್ಲಿನ ಮೇಲೆಯೇ "9,900 ಎಂಎಎಚ್" ಅಂತ ಬರೆದಿದ್ದರೆ ಅದನ್ನು ಅಲ್ಲೇ ಇಟ್ಟು ಬನ್ನಿ. ಆ ಗಾತ್ರದಲ್ಲಿ ಅಷ್ಟು ಹಿಡಿಯುವುದಿಲ್ಲ. ಅಸಲಿ ಶೆಲ್ಲು 45ರಿಂದ 50 ಗ್ರಾಂ ತೂಗುತ್ತದೆ, ತೀರಾ ಹಗುರ ಇದ್ದರೆ ಒಳಗೆ ಏನೋ ಕಿತಾಪತಿ ಇದೆ ಅಂತಲೇ ಲೆಕ್ಕ.

ಸರಿ, ಲುಮೆನ್ ಸುಳ್ಳು ಹೇಳದಿದ್ದರೂ ಅದೊಂದೇ ಸಾಲದು. ಲುಮೆನ್ ಅಂದರೆ ಬ್ಯಾಟ್ರಿಯಿಂದ ಹೊರಬರುವ ಒಟ್ಟು ಬೆಳಕು. ಅದು ಎಷ್ಟು ದೂರ ಹೋಗಿ ಬೀಳುತ್ತದೆ ಅನ್ನುವುದಕ್ಕೆ ಕ್ಯಾಂಡೆಲಾ ಬೇಕು. ಎಫ್ಎಲ್ 1 ಅಂತ ಅಮೆರಿಕದ ಒಂದು ಮಾನದಂಡ ಇದೆ, 2009ರಲ್ಲಿ ಬಂದದ್ದು. ಅದರ ಪ್ರಕಾರ ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಮೀಟರಿನಲ್ಲಿ ದೂರ. 10,000 ಕ್ಯಾಂಡೆಲಾ ಇದ್ದರೆ 200 ಮೀಟರ್. ಕೇಳಲು ಭರ್ಜರಿ. ಆದರೆ ಆ 200ನೇ ಮೀಟರಿನಲ್ಲಿ ಬೀಳುವುದು ಕಾಲು ಲಕ್ಸ್ ಬೆಳಕು, ಅಂದರೆ ಹುಣ್ಣಿಮೆ ಬೆಳದಿಂಗಳಿನಷ್ಟು. ಅಲ್ಲಿ ಏನೋ ಇದೆ ಅಂತ ಗೊತ್ತಾಗುತ್ತದೆ, ಯಾರು ಅಂತ ಗೊತ್ತಾಗುವುದಿಲ್ಲ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು, ಕಾಲು ಭಾಗವಾದರೆ ಹದಿನಾರು ಪಟ್ಟು. ಹಾಗಾಗಿ ಡಬ್ಬಿಯ ಮೇಲಿನ ದೂರವನ್ನು ನಾಲ್ಕರಿಂದ ಭಾಗಿಸಿ, ಬರುವ ಸಂಖ್ಯೆಯನ್ನೇ ನಂಬುವುದು ಒಳ್ಳೆಯದು.

ಇಷ್ಟು ಲೆಕ್ಕ ಒಪ್ಪಿಸಿದ ಮೇಲೆ ಭಾವನನ್ನು ಕೇಳಿದೆ, "ಭಾವ, ನಿಮಗೆ ನಿಜವಾಗಿ ಎಷ್ಟು ದೂರ ಬೇಕು?" ಅವರು ನಕ್ಕು, "ತೋಟದಲ್ಲಿ ನಿಂತು ನೋಡು, ನಿಂಗೇ ಗೊತ್ತಾಗುತ್ತೆ" ಅಂದರು.

ನಮ್ಮ ಸೀಮೆಯ ತೋಟ ರಾತ್ರಿ ಹೊತ್ತು ನೋಡದವರಿಗೆ ಸ್ವಲ್ಪ ಹೇಳಬೇಕು. ಮರದಿಂದ ಮರಕ್ಕೆ ಮೂವತ್ತು ಅಡಿ. ಮೇಲೆ ಗರಿ ಕವಿದು ಬೆಳದಿಂಗಳೂ ತುಂಡು ತುಂಡಾಗಿ ಬೀಳುತ್ತದೆ. ಕೆಳಗೆ ಪಾತಿ, ಡ್ರಿಪ್ ಪೈಪು, ಬಿದ್ದ ಎಡಮಟ್ಟೆ, ಕೆಲವು ಕಡೆ ಕಟ್ಟೆಯಿಲ್ಲದ ಹಳೆ ಬಾವಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿಯೇ ಬರುವುದರಿಂದ, ಹನ್ನೊಂದಕ್ಕೋ ಎರಡಕ್ಕೋ ತೋಟದಲ್ಲಿ ಮನುಷ್ಯ ಕಂಡರೆ ಆಶ್ಚರ್ಯವೇನಿಲ್ಲ. ಚಿರತೆ ಕಂಡರೂ ಈಗೀಗ ಆಶ್ಚರ್ಯವಿಲ್ಲ. ಕಳ್ಳರೂ ಇದ್ದಾರೆ. ಉಂಡೆ ಕೊಬ್ಬರಿ ಆಗಲು ಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು, ಅಂದರೆ ಒಂದು ವರ್ಷದ ದುಡಿಮೆ ಅಟ್ಟದ ಮೇಲೆಯೇ ಕೂತಿರುತ್ತದೆ. 2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ಇದ್ದರೆ, ತಿಪಟೂರು ಮಾರುಕಟ್ಟೆಯಲ್ಲಿ 20 ಸಾವಿರ ದಾಟಿ ಹೋಯಿತು. ಬೆಲೆ ಏರಿದರೆ ತೋಟ ಕಾಯುವವರ ನಿದ್ದೆ ಹೋಗುತ್ತದೆ, ಪೊಲೀಸರದ್ದೂ ಹೋಗುತ್ತದೆ.

ಇಂಥ ಕತ್ತಲಲ್ಲಿ ಒಬ್ಬನೇ ಮನುಷ್ಯ ನಿಂತಿದ್ದಾನೆ ಅನ್ನಿ. ಅವನು ಕಳ್ಳನೋ, ಮೋಟಾರ್ ಹಾಕಲು ಬಂದ ರೈತನೋ, ಚೊಂಬು ಹಿಡಿದು ಬಂದವನೋ? ಇಷ್ಟನ್ನು ಹೇಳುವುದೇ ಪೊಲೀಸ್ ಬ್ಯಾಟ್ರಿಯ ಕೆಲಸ.

ಅದಕ್ಕೆ ಪರೀಕ್ಷೆಯನ್ನೂ ಹಾಗೆಯೇ ಮಾಡಿದೆವು. ಸಂಕ್ರಾಂತಿ ರಜೆಯಲ್ಲಿ ನಾಲ್ಕು ಬ್ಯಾಟ್ರಿ ಜೋಡಿಸಿಕೊಂಡೆವು. ಒಂದು, ಎರಡು ಪಿನ್ನು ಹೊರಗೆಳೆದು ನೇರ ಪ್ಲಗ್ಗಿಗೆ ಸಿಕ್ಕಿಸುವ ಪ್ಲಾಸ್ಟಿಕ್ಕಿನದು, 300 ರೂಪಾಯಿ. ಎರಡು, ಮುಂದಿನ ಗಾಜನ್ನು ಹಿಂದೆ ಮುಂದೆ ಎಳೆಯುವ "ಝೂಮ್" ಬ್ಯಾಟ್ರಿ, 500. ಮೂರು, ಟೈಪ್-ಸಿ ಚಾರ್ಜಿಂಗ್ ಇರುವ, ಗಾಜು ಅಲುಗಾಡದ ಅಲ್ಯೂಮಿನಿಯಂ ಬ್ಯಾಟ್ರಿ, 950. ನಾಲ್ಕು, ಅಪ್ಪನ ಎರಡು ಶೆಲ್ಲಿನ ಹಳೆಯದು, ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿದ್ದು. ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ಅವನನ್ನು ತೋಟದೊಳಗೆ ಕಳಿಸಿ, ಮೂವತ್ತು ಹೆಜ್ಜೆ, ಐವತ್ತು ಹೆಜ್ಜೆ ದೂರದ ಮರಗಳ ಮಧ್ಯೆ ನಿಲ್ಲಿಸಿದೆವು. ಕೈಯಲ್ಲಿ ಒಂದು ಸಲ ಮಚ್ಚು, ಒಂದು ಸಲ ಚೊಂಬು, ಒಂದು ಸಲ ಮೊಬೈಲು, ಒಂದು ಸಲ ಗರಿಯ ತುಂಡು. ಭಾವ ಬ್ಯಾಟ್ರಿ ಬಿಟ್ಟು ಏನು ಹಿಡಿದಿದ್ದಾನೆ ಅಂತ ಹೇಳಬೇಕು. ಅವನಿಗೋ ಇದು ಸಿನಿಮಾ ಶೂಟಿಂಗ್ ಇದ್ದ ಹಾಗೆ!

ಝೂಮ್ ಬ್ಯಾಟ್ರಿ ದೂರಕ್ಕೆ ಚೆನ್ನಾಗಿ ಹೊಡೆಯಿತು. ಆದರೆ ಎಳೆದು ಸಣ್ಣ ಮಾಡಿದರೆ ಬೀಳುವುದು ಚೌಕಾಕಾರದ ಒಂದು ಮಚ್ಚೆ ಬೆಳಕು. ಮುಖ ಕಂಡರೆ ಕೈ ಕಾಣದು, ಕೈ ಕಂಡರೆ ಮುಖ ಕಾಣದು. ನಮ್ಮ ಕಾಲ ಕೆಳಗಿನ ಪಾತಿಯಂತೂ ಕಾಣುವುದೇ ಇಲ್ಲ. ಅಗಲ ಮಾಡಿದರೆ ಹತ್ತಿರದ ಮರದ ಬೊಡ್ಡೆಗಳೆಲ್ಲ ಹೊಳೆದು ಕಣ್ಣು ಕುಕ್ಕುತ್ತವೆ, ಹಿಂದಿನ ಕತ್ತಲು ಇನ್ನೂ ಕಪ್ಪಾಗುತ್ತದೆ. ಒಮ್ಮೆ ಕುಕ್ಕಿದ ಕಣ್ಣು ಪೂರ್ತಿ ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಪ್ಲಾಸ್ಟಿಕ್ಕಿನದು ಮೊದಲ ಅರ್ಧ ಗಂಟೆ ಚೆನ್ನಾಗಿತ್ತು, ಆಮೇಲೆ ಇಳಿಯುತ್ತಾ ಹೋಯಿತು. ಅದರೊಳಗಿರುವುದು ಸೀಸ-ಆಮ್ಲದ ಬ್ಯಾಟರಿ, ಖಾಲಿಯಾದದ್ದನ್ನು ಹಾಗೇ ಬಿಟ್ಟರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬೇಗ ಸಾಯುತ್ತದೆ. ಅಪ್ಪನದು ಮೂವತ್ತು ಹೆಜ್ಜೆಗೆ ಸುಸ್ತು. ಅಲ್ಯೂಮಿನಿಯಂ ಬ್ಯಾಟ್ರಿಯಲ್ಲಿ ನಡುವೆ ಒಂದು ಗಟ್ಟಿ ಬೆಳಕು, ಸುತ್ತ ತೆಳುವಾಗಿ ಚೆಲ್ಲಿದ ಬೆಳಕು. ಐವತ್ತು ಹೆಜ್ಜೆಯಲ್ಲಿ ಮಚ್ಚು ಯಾವುದು ಚೊಂಬು ಯಾವುದು ಅಂತ ಭಾವ ತಡವರಿಸದೆ ಹೇಳಿದರು.

ಬಣ್ಣದ ವಿಷಯವನ್ನು ನಾನು ಅಷ್ಟು ಯೋಚಿಸಿರಲಿಲ್ಲ, ಭಾವನೇ ಹೇಳಿದ್ದು. ಅಗ್ಗದ ಎಲ್‌ಇಡಿಯ ನೀಲಿ ಬಿಳುಪಿನಲ್ಲಿ ಕೆಂಪು ಬಣ್ಣ ಸತ್ತು ಹೋಗುತ್ತದೆ. ಕೆಂಪು ಅಂಗಿಯೋ ಕಂದು ಅಂಗಿಯೋ ತಿಳಿಯುವುದಿಲ್ಲ. "ನಾಳೆ ವೈರ್‌ಲೆಸ್ಸಲ್ಲಿ ಕೆಂಪು ಅಂಗಿ ಅಂತ ಹೇಳಿದ್ರೆ ಯಾವನೋ ಕೆಂಪು ಅಂಗಿಯವನು ಸ್ಟೇಷನ್ನಿಗೆ ಬಂದು ಕೂರಬೇಕಾಗುತ್ತೆ ಕಣೋ" ಅಂದರು. ಸ್ವಲ್ಪ ಹಳದಿ ಛಾಯೆಯ ಬೆಳಕು ಕಣ್ಣಿಗೆ ಕಡಿಮೆ ಅನ್ನಿಸಿದರೂ ಇಬ್ಬನಿಯಲ್ಲೂ ವಾಸಿ, ಬಣ್ಣಕ್ಕೂ ವಾಸಿ.

ಪರೀಕ್ಷೆಯಲ್ಲಿ ಇನ್ನೊಂದು ಗಮನಿಸಿದೆ. ಭಾವ ಬೆಳಕನ್ನು ಪ್ರತಿ ಸಲ ಮೊದಲು ಹುಡುಗನ ಕೈ ಮೇಲೆ ಬಿಡುತ್ತಿದ್ದರು, ಆಮೇಲೆ ಮುಖಕ್ಕೆ. ಯಾಕೆ ಅಂತ ಕೇಳಿದ್ದಕ್ಕೆ 2018ರ ಕಥೆ ಹೇಳಿದರು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸ್ಯಾಪಿನಲ್ಲಿ ವದಂತಿ ಹಬ್ಬಿದ್ದ ವರ್ಷ ಅದು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನು ಜನ ಹೊಡೆದು ಕೊಂದದ್ದು ನಿಮಗೂ ನೆನಪಿರಬಹುದು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪ. ಅದೇ ದಿನಗಳಲ್ಲಿ ನಮ್ಮ ಕಡೆಯ ಒಂದು ಊರಿನಿಂದ ರಾತ್ರಿ ಫೋನ್, ತೋಟದಲ್ಲಿ ಯಾರೋ ಬಗ್ಗಿಕೊಂಡು ಓಡಾಡುತ್ತಿದ್ದಾನೆ ಅಂತ. ಇವರು ಬೈಕಿನಲ್ಲಿ ಹೋಗುವ ಹೊತ್ತಿಗೆ ಇಪ್ಪತ್ತು ಜನ ದೊಣ್ಣೆ ಹಿಡಿದು ಬದುವಿನ ಮೇಲೆ ನಿಂತಿದ್ದರಂತೆ. ಭಾವ ಬ್ಯಾಟ್ರಿ ಬಿಟ್ಟರು. ಆ ಆಸಾಮಿಯ ಒಂದು ಕೈಯಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಬೀಗದಕೈ, ಇನ್ನೊಂದರಲ್ಲಿ ಮೊಬೈಲು. ಉತ್ತರದ ಕಡೆಯಿಂದ ಹೊಸದಾಗಿ ಬಂದ ತೋಟದ ಆಳು, ಕನ್ನಡ ಬರದು. ಕರೆಂಟ್ ಬಂತು ಅಂತ ಮೋಟಾರ್ ಹಾಕಲು ಬಂದಿದ್ದ. "ಬೆಳಕು ಬಿದ್ದ ಮೇಲೆ ನೋಡಿದ್ರೆ ಇನ್ನೂ ಮೀಸೆ ಬರದ ಹುಡುಗ. ದೊಣ್ಣೆ ಹಿಡಿದೋರೇ ಪಾಪ ಅಂದ್ರು" ಅಂತ ಹೇಳಿ ಭಾವ ಸುಮ್ಮನಾದರು.

ಬ್ಯಾಟ್ರಿಯೇ ದೊಣ್ಣೆಯಾದ ಕಥೆಯೂ ಇದೆ. ಅಮೆರಿಕದ ಪೊಲೀಸರು ಮೊದಲು ಐದಾರು ಶೆಲ್ಲಿನ ಉದ್ದನೆಯ ಲೋಹದ ಬ್ಯಾಟ್ರಿ ಒಯ್ಯುತ್ತಿದ್ದರು. 2004ರ ಜೂನಿನಲ್ಲಿ ಲಾಸ್ ಏಂಜಲೀಸ್ ಪೊಲೀಸನೊಬ್ಬ, ಕದ್ದ ಕಾರಿನಲ್ಲಿ ಓಡಿದವನನ್ನು ಅಂಥದ್ದರಿಂದ ಮತ್ತೆ ಮತ್ತೆ ಹೊಡೆದದ್ದನ್ನು ಹೆಲಿಕಾಪ್ಟರಿನಿಂದ ಟೀವಿಯವರು ತೋರಿಸಿಬಿಟ್ಟರು. ಗಲಾಟೆಯಾಗಿ, ಕೊನೆಗೆ ಆ ಇಲಾಖೆ 2007ರಲ್ಲಿ ಪೆಲಿಕನ್ ಕಂಪನಿಯಿಂದ 7060 ಅನ್ನುವ ಗಿಡ್ಡ, ಹಗುರ ಎಲ್‌ಇಡಿ ಬ್ಯಾಟ್ರಿ ಮಾಡಿಸಿಕೊಂಡಿತು. ಹೊಡೆಯಲು ಬಾರದಂಥ ಬ್ಯಾಟ್ರಿಯೇ ಬೇಕು ಅಂತ ಒಂದು ಪೊಲೀಸ್ ಇಲಾಖೆ ಕೇಳಿ ಪಡೆದದ್ದು ನೋಡಿ! ನಮ್ಮ "ಟ್ಯಾಕ್ಟಿಕಲ್" ಮಾರಾಟಗಾರರು ಮಾತ್ರ ಬಾಯಿಗೆ ಹಲ್ಲು ಕೂರಿಸುತ್ತಲೇ ಇದ್ದಾರೆ. ಆ ಹಲ್ಲು ಯಾವ ಕಳ್ಳನನ್ನು ಕಚ್ಚುತ್ತದೋ ಗೊತ್ತಿಲ್ಲ, ಭಾವನ ಖಾಕಿ ಜೇಬನ್ನಂತೂ ಹರಿಯುತ್ತದೆ.

ಸರಿ, ಕೊಳ್ಳುವವರಿಗೆ ಉಪಯೋಗವಾಗಲಿ ಅಂತ ನಾವು ಕೊನೆಗೆ ಮಾಡಿಕೊಂಡ ಪಟ್ಟಿ ಇದು:

1. ಒತ್ತಿದ ತಕ್ಷಣ ಒಂದೇ ಸಮನೆ ಬೆಳಕು ಬರಬೇಕು. ಅಗ್ಗದವುಗಳಲ್ಲಿ ಪ್ರತಿ ಒತ್ತಿಗೂ ಜಾಸ್ತಿ, ಕಡಿಮೆ, ಮಿಣಿಮಿಣಿ ಅಂತ ಸರದಿ ಬದಲಾಗುತ್ತದೆ. ನಿಜವಾದ ಹೊತ್ತಿನಲ್ಲಿ ಬ್ಯಾಟ್ರಿ ಡಿಸ್ಕೋ ಲೈಟ್ ಆಗಿಬಿಟ್ಟರೆ?

2. ಒಂದೇ ಕೈಯಲ್ಲಿ ಹೊತ್ತಿಸಿ ಆರಿಸಲು ಬರಬೇಕು. ಇನ್ನೊಂದು ಕೈಯಲ್ಲಿ ಲಾಠಿಯೋ ಬೈಕಿನ ಹ್ಯಾಂಡಲ್ಲೋ ಇರುತ್ತದೆ.

3. ಲುಮೆನ್ ನೂರಾರರಲ್ಲಿದ್ದರೆ ಸಾಕು, ಆದರೆ ಎರಡು ಗಂಟೆಯ ನಂತರವೂ ಇರಬೇಕು. ಎಫ್ಎಲ್ 1 ಅಳತೆ ತೆಗೆಯುವುದೇ ಹೊತ್ತಿಸಿದ ಮೊದಲ 30ರಿಂದ 120 ಸೆಕೆಂಡಿನೊಳಗೆ, ಉರಿಯುವ ಕಾಲ ಎಣಿಸುವುದು ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೆ. ಮೊಬೈಲಿನ ಲಕ್ಸ್ ಆಪ್ ಎದುರಿಗಿಟ್ಟು ಅರ್ಧ ಗಂಟೆಗೊಮ್ಮೆ ನೀವೇ ಬರೆದುಕೊಳ್ಳಿ. ಆಪಿನ ಸಂಖ್ಯೆ ಕರಾರುವಾಕ್ಕಲ್ಲ, ಹೋಲಿಸಲು ಸಾಕು.

4. ನೀರು. ಐಪಿಎಕ್ಸ್4 ಅಂದರೆ ಮಳೆ ಹನಿಗೆ ಸರಿ, ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ನಮ್ಮದನ್ನು ಕಲಗಚ್ಚಿನ ಬಾನಿಯಲ್ಲಿ ಮುಳುಗಿಸಿದೆವು. ಬದುಕಿತು. ಹಸು ಮಾತ್ರ ಬೇಜಾರು ಮಾಡಿಕೊಂಡಿತು :-)

5. ಲಿಥಿಯಂ ಶೆಲ್ಲಿನ ಮೇಲೆ ಬಿಐಎಸ್ ಗುರುತು, ಐಎಸ್ 16046 ಸಂಖ್ಯೆ ಇದೆಯೇ ನೋಡಿ. ಜೇಬಿನಲ್ಲಿ ಇಟ್ಟುಕೊಳ್ಳುವ ವಸ್ತು.

6. ಬೆಲೆಯನ್ನು ಮೂರು ವರ್ಷಕ್ಕೆ ಎಣಿಸಿ. ಎರಡು ದೊಡ್ಡ ಶೆಲ್ಲಿಗೆ 60 ರೂಪಾಯಿ ಅನ್ನಿ, ವಾರಕ್ಕೊಮ್ಮೆ ಬದಲಾಯಿಸಿದರೆ ವರ್ಷಕ್ಕೆ 3,120. ಆಗ 950 ರೂಪಾಯಿಯದು ದುಬಾರಿ ಅನ್ನಿಸುವುದಿಲ್ಲ.

ಹಾಗಂತ ಹಳೆಯದನ್ನು ಎಸೆಯಬೇಡಿ. ಶೆಲ್ಲು ಯಾವ ಹಳ್ಳಿಯ ಪೆಟ್ಟಿ ಅಂಗಡಿಯಲ್ಲೂ ಸಿಗುತ್ತದೆ, ಚಾರ್ಜರ್ ಸಿಗುವುದಿಲ್ಲ. ಅಪ್ಪ ಒಂದು ಶೆಲ್ಲನ್ನು ಉಲ್ಟಾ ಹಾಕಿ ಇಡುತ್ತಾರೆ, ಅಕಸ್ಮಾತ್ ಒತ್ತಿಹೋದರೂ ಉರಿಯದ ಹಾಗೆ. ಬಹಳ ದಿನ ಮುಟ್ಟುವುದಿಲ್ಲ ಅಂದರೆ ಹೊರಗೇ ತೆಗೆದಿಡುತ್ತಾರೆ, ರಸ ಸೋರಿ ಸ್ಪ್ರಿಂಗ್ ತಿನ್ನಬಾರದು ಅಂತ.

ನಾಲ್ಕೂ ಬ್ಯಾಟ್ರಿ ಫೆಬ್ರವರಿಯಿಂದ ಗಸ್ತು ತಿರುಗುತ್ತಿವೆ. ಮೊನ್ನೆ ಅಕ್ಕನಿಗೆ ಫೋನ್ ಮಾಡಿದ್ದಾಗ ಭಾವನನ್ನೂ ಕೇಳಿದೆ, ಹೇಗಿದೆ ಅಂತ. "ದೂರದ್ದು ವಾರಕ್ಕೊಂದು ಸಲ ಬೇಕಾಗುತ್ತೆ ಅಷ್ಟೇ. ದಿನಾ ಬೇಕಾಗೋದು ಎಲ್ಲಕ್ಕಿಂತ ಸಣ್ಣ ಬೆಳಕು. ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕೋಕೆ, ಯಾರಾದ್ರೂ ಮುದುಕರು ಬಸ್ ತಪ್ಪಿಸ್ಕೊಂಡು ಕ್ರಾಸಲ್ಲಿ ಕೂತಿದ್ರೆ ಹತ್ರ ಹೋಗಿ ಮಾತಾಡ್ಸೋಕೆ. ಜೋರು ಬೆಳಕು ಬಿಟ್ರೆ ಹೆದರ್ತಾರೆ" ಅಂದರು.

ನಿಮ್ಮ ಊರಿನ ಕಡೆ ಇದಕ್ಕೆ ಏನಂತಾರೆ? ಬ್ಯಾಟ್ರಿಯೋ ಟಾರ್ಚೋ?