ಗೋಡೆಗೆ ಮೊಳೆ ಹೊಡೆಯದೆ

ಪುಣೆಗೆ ಬಂದು ಹದಿಮೂರು ವರ್ಷಗಳಲ್ಲಿ ನಾಲ್ಕು ಬಾಡಿಗೆ ಮನೆ ಬದಲಿಸಿದ್ದೇವೆ. ಎಲ್ಲ ಮಾಲೀಕರ ಕರಾರೂ ಒಂದೇ: ಗೋಡೆಗೆ ಮೊಳೆ ಹೊಡೆಯಬಾರದು. ಪರದೆ, ದೇವರ ಫೋಟೋ, ಕುಂಡ ನಿಮ್ಮಿಷ್ಟ. ಗೋಡೆ ಮಾತ್ರ ಅವರದು. ನಮ್ಮ ಮನೆಯ ಕಂಪ್ಯೂಟರಿನಲ್ಲಿರುವ ಬಜೈಟ್ ಕೂಡ ಅಂಥದೇ ಮನೆ.

ಬಜೈಟ್ ಎಂದರೆ ಫೆಡೋರಾ ಆಧರಿಸಿ, ಆಟಗಳಿಗೆಂದೇ ಸಜ್ಜು ಮಾಡಿದ ಲಿನಕ್ಸ್. ಸ್ಟೀಮ್, ಗ್ರಾಫಿಕ್ಸ್ ಡ್ರೈವರ್ ಎಲ್ಲ ಅದರೊಳಗೇ ಇರುತ್ತವೆ. ಅದರ ಮೂಲ ಭಾಗವನ್ನು ಓದಬಹುದು, ತಿದ್ದುವಂತಿಲ್ಲ. ಬದಲಾವಣೆ ಬೇಕಿದ್ದರೆ ಅದರ ಮೇಲೊಂದು ಪದರವಾಗಿ ಸೇರಿಸಬೇಕು.

ಇದ್ದ ಕೆಡಿಇ ಪ್ಲಾಸ್ಮಾ ಚೆನ್ನಾಗಿಯೇ ಇತ್ತು. ಆದರೆ ದಿನಕ್ಕೆ ಒಂಬತ್ತು ತಾಸು ನೋಡುವ ಆಫೀಸಿನ ಲ್ಯಾಪ್‌ಟಾಪಿನಲ್ಲಿ ವಾಲ್‌ಪೇಪರ್ ಕೂಡ ನಾನು ಬದಲಿಸುವಂತಿಲ್ಲ. ಮನೆಯಲ್ಲಾದರೂ ಒಂದು ಸ್ಕ್ರೀನ್ ನನ್ನ ಮನಸ್ಸಿನಂತೆ ಇರಲಿ ಅನ್ನಿಸಿತು.

ಡೆಸ್ಕ್‌ಟಾಪ್ ಎಂದು ನಾವು ಕರೆಯುವುದರಲ್ಲಿ ಎರಡು ಕೆಲಸಗಾರರಿದ್ದಾರೆ. ವಿಂಡೋಗಳನ್ನು ಜೋಡಿಸುವವನು ಕಂಪೋಸಿಟರ್. ಗಡಿಯಾರದ ಪಟ್ಟಿ, ಆಪ್ ಮೆನು, ನೋಟಿಫಿಕೇಶನ್ ನೋಡಿಕೊಳ್ಳುವುದು ಶೆಲ್. ನಾನು ಮೊದಲನೆಯದಕ್ಕೆ ನಿರಿ, ಎರಡನೆಯದಕ್ಕೆ ಡ್ಯಾಂಕ್ ಮೆಟೀರಿಯಲ್ ಶೆಲ್ ಆರಿಸಿಕೊಂಡೆ. ನಿರಿಯಲ್ಲಿ ಹೊಸ ವಿಂಡೋ ತೆರೆದರೆ ಹಳೆಯದು ಕುಗ್ಗುವುದಿಲ್ಲ. ಒಂದರ ಪಕ್ಕ ಒಂದು ಉದ್ದಕ್ಕೆ ನಿಲ್ಲುತ್ತವೆ, ನಾವು ಆಚೀಚೆ ಸರಿಸಿ ನೋಡಬೇಕು. ಅದರ ವಿಡಿಯೋ ತೋರಿಸಿದಾಗ ಹೆಂಡತಿ, “ಸೀರೆ ನಿರಿಗೆ ಹಿಡಿದಂಗ ಐತಲ್ರೀ” ಎಂದಳು. ಇದಕ್ಕಿಂತ ಒಳ್ಳೆಯ ವಿವರಣೆ ನಾನು ಕೇಳಿಲ್ಲ.

ಮಗನ ಪ್ರಶ್ನೆ ಬೇರೆ ಇತ್ತು: “ಅಪ್ಪಾ, ನಮ್ಮ ತ್ವಾಟ ಹೋಗಂಗಿಲ್ಲ ಹೌದಿಲ್ಲೋ?” ಅವನೂ ಹುಬ್ಬಳ್ಳಿಯಲ್ಲಿರುವ ನನ್ನ ಅಣ್ಣನ ಮಗಳೂ ಸ್ಟಾರ್ಡ್ಯೂ ವ್ಯಾಲಿ ಆಟದಲ್ಲಿ ಜೊತೆಗೂಡಿ ತೋಟ ಮಾಡುತ್ತಾರೆ. ವರ್ಷಕ್ಕೆ ಎರಡು ಸಲ ಭೇಟಿಯಾಗುವ ಆ ಇಬ್ಬರಿಗೆ ಶನಿವಾರದ ತೋಟವೇ ಸಂಬಂಧ. ತೋಟ ಉಳಿದಿರುವುದು ನಮ್ಮ ಕಂಪ್ಯೂಟರಿನಲ್ಲಿ. ಇದು ಏಳದಿದ್ದರೆ ಅವಳಿಗೂ ತೋಟವಿಲ್ಲ.

ಹಾಗಾಗಿ ಮೊದಲು ತೋಟದ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿದೆ. ನಂತರ ‘ಸುಡೊ ಒಎಸ್‌ಟ್ರೀ ಅಡ್ಮಿನ್ ಪಿನ್ 0’ ಎಂಬ ಆಜ್ಞೆ ಕೊಟ್ಟೆ. ಇದರಿಂದ ಈಗಿನ ವ್ಯವಸ್ಥೆಯ ಪ್ರತಿ, ಮುಂದೆ ಎಷ್ಟು ಅಪ್‌ಡೇಟ್ ಬಂದರೂ ಬೂಟ್ ಮೆನುವಿನಲ್ಲಿ ಉಳಿಯುತ್ತದೆ. ಆಮೇಲೆ ಆರ್‌ಪಿಎಂ-ಒಎಸ್‌ಟ್ರೀ ಮೂಲಕ ನಿರಿ, ಶೆಲ್ ಮತ್ತು ಎಕ್ಸ್‌ವೇಲ್ಯಾಂಡ್-ಸ್ಯಾಟಲೈಟ್ ಸೇರಿಸಿದೆ. ಕೊನೆಯದನ್ನು ಮರೆಯಬೇಡಿ, ನಿರಿಯಲ್ಲಿ ಸ್ಟೀಮ್ ತೆರೆಯಲು ಅದು ಬೇಕು. ಈ ಆಜ್ಞೆ ಓಡುತ್ತಿರುವ ವ್ಯವಸ್ಥೆಯನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಹೊಸ ಪ್ರತಿ ಸಿದ್ಧಮಾಡುತ್ತದೆ, ರೀಬೂಟ್ ಆದಾಗ ಅದು ಬರುತ್ತದೆ. ಪ್ಲಾಸ್ಮಾವನ್ನು ತೆಗೆಯಲಿಲ್ಲ, ಯಾವುದು ಬೇಕೆಂದು ಲಾಗಿನ್ ಪರದೆಯಲ್ಲೇ ಆರಿಸಬಹುದು.

ನಿರಿಯ ಕಾನ್ಫಿಗ್ ಫೈಲಿನಲ್ಲಿ ನಾನು ಮೊದಲು ಸೇರಿಸಿದ್ದು ಎರಡು ಸಾಲು: ಒಂದು ಶೆಲ್ ಶುರುವಾಗಲು, ಇನ್ನೊಂದು ಕನ್ನಡ ಟೈಪಿಂಗಿನ ಇನ್‌ಪುಟ್ ಮೆಥಡ್ ಶುರುವಾಗಲು. ನಿರಿ ತಾನಾಗಿ ಏನನ್ನೂ ತಂದುಕೊಡುವುದಿಲ್ಲ, ಕೇಳಿದ್ದನ್ನಷ್ಟೇ ಕೊಡುತ್ತದೆ. ಈ ಬರಹ ಆ ಎರಡನೇ ಸಾಲಿನ ಕೃಪೆ.

ಎರಡು ಎಚ್ಚರಿಕೆ. ಹೀಗೆ ಸೇರಿಸಿದ ಪದರಗಳು ಕೆಲವೊಮ್ಮೆ ಅಪ್‌ಡೇಟಿಗೆ ಅಡ್ಡ ಬರುತ್ತವೆ, ಆಗ ಅವನ್ನು ತೆಗೆದು ಮುಂದೆ ಹೋಗಬೇಕಾಗುತ್ತದೆ. ಆದ್ದರಿಂದ ಪದರ ಕಡಿಮೆ ಇದ್ದಷ್ಟೂ ಒಳ್ಳೆಯದು. ಹಾಗೆಯೇ ಹಳೆಯ ಪ್ರತಿಗೆ ಮರಳಿದರೆ ವ್ಯವಸ್ಥೆ ಹಿಂದಕ್ಕೆ ಹೋಗುತ್ತದೆಯೇ ಹೊರತು ನಿಮ್ಮ ಹೋಮ್ ಫೋಲ್ಡರ್ ಅಲ್ಲ. ಅಲ್ಲಿನ ಫೈಲುಗಳ ಬ್ಯಾಕಪ್ ನಿಮ್ಮದೇ ಜವಾಬ್ದಾರಿ.

ಊರು ಬಿಟ್ಟವರಿಗೆ ಇದೆಲ್ಲ ಹೊಸತೇನಲ್ಲ. ವಾಪಸು ಹೋಗಲು ಒಂದು ಮನೆ ಇದೆ ಎಂಬ ಧೈರ್ಯದ ಮೇಲೆಯೇ ತಾನೆ ನಾವು ಇಷ್ಟು ದೂರ ಬಂದದ್ದು?

ಈಗ ನಾನು ಲಾಗಿನ್ ಆದರೆ ನಿರಿ, ಮಗ ಆದರೆ ಪ್ಲಾಸ್ಮಾ. ತೋಟ ಎರಡರಲ್ಲೂ ಒಂದೇ. ಕಳೆದ ಶನಿವಾರ ಅಲ್ಲಿ ಕುಂಬಳಕಾಯಿ ಕೊಯ್ಲು. ಮಾರಿ ಬಂದ ದುಡ್ಡಿನಲ್ಲಿ ಆಕಳು ತರಬೇಕೋ ಕೋಳಿ ತರಬೇಕೋ ಎಂದು ಪುಣೆ, ಹುಬ್ಬಳ್ಳಿಗಳ ನಡುವೆ ಇನ್ನೂ ಜಗಳ ನಡೆದಿದೆ.