ಹೆದೆಯ ಮೇಲೆ ಮೂರು ಬೆರಳು

ಬಿಲ್ಲು ಹಿಡಿದುಕೊಳ್ಳಿ. ಕೈಯಲ್ಲಿ ಹಗುರವೇ ಅನಿಸುತ್ತದೆ. ಹೆದೆ ಎಳೆದಾಗಲೇ ಅದರ ಬಿಗಿ ಗೊತ್ತಾಗುವುದು. ನಿನ್ನೆಯ ಮಳೆಗೆ ಹುಲ್ಲು ಇನ್ನೂ ಮೆತ್ತಗಿದೆ, ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿಯುತ್ತಿದೆ. ನೆಲ ಗುಡಿಸುವ ಲಂಗದ ಅಂಚು ಒದ್ದೆಯಾಗಿ ಕಣಕಾಲಿಗೆ ತಣ್ಣಗೆ ಅಂಟಿಕೊಂಡಿದೆ. ಇದು ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣ. 1908ರ ಜುಲೈ 18, ಒಲಿಂಪಿಕ್ಸ್‌ನ ಮಹಿಳಾ ಬಿಲ್ಲುಗಾರಿಕೆಗೆ ಇದೇ ಕೊನೆಯ ದಿನ. ನೀವೀಗ ಲಾಟಿ ಡಾಡ್. ವಯಸ್ಸು 36. ನಿನ್ನೆ ಸಂಜೆ ಪಟ್ಟಿಯಲ್ಲಿ ಮೇಲಿದ್ದ ಹೆಸರು ನಿಮ್ಮದು.

60 ಗಜ ಆಚೆಗೆ ಗುರಿ. ನಡುವಿನ ಚಿನ್ನದ ಬಣ್ಣಕ್ಕೆ 9 ಅಂಕ, ಅಂಚಿನ ಬಿಳಿಗೆ ಬರೀ 1. ಈ ದೂರದಿಂದ 48 ಬಾಣ, ಆಮೇಲೆ 50 ಗಜದಿಂದ 24. ಎಳೆಯಿರಿ. ಬೆನ್ನಿನ ಸ್ನಾಯು ಹುರಿಗೊಳ್ಳುತ್ತದೆ, ಹೆದೆ ಬೆರಳಿನ ಸಂದಿಗೆ ಕಚ್ಚುತ್ತದೆ. ಗಾಳಿ ತಗ್ಗಲಿ ಎಂದು ಕಾದರೆ ಭುಜ ನಡುಗುತ್ತದೆ. ಕಾಯದೆ ಬಿಟ್ಟರೆ ಬಾಣ ಗಾಳಿಯ ಪಾಲು. ಯಾವುದು? ಈಗಲೇ ಹೇಳಿ. ಬೆರಳು ಸಡಿಲುತ್ತದೆ. ಹೆದೆ ಮೊಳಗುತ್ತದೆ. ಒಂದು ಉಸಿರಿನಷ್ಟು ಮೌನ, ದೂರದಲ್ಲಿ ಧಪ್ಪೆಂಬ ಸದ್ದು. ಚಿನ್ನವಲ್ಲ.

ಬಾಣ ಕಿತ್ತು ತರಲು ನಡೆಯುವಾಗ ದೇಹಕ್ಕೆ ಹಳೆಯದೆಲ್ಲ ನೆನಪಾಗುತ್ತದೆ. 1887ರ ವಿಂಬಲ್ಡನ್: ನಿಮಗೆ 15 ವರ್ಷ, ಶಾಲಾ ಹುಡುಗಿಯೆಂದು ಮೊಣಕಾಲ ಕೆಳಗಿನ ಲಂಗಕ್ಕೆ ಯಾರ ಆಕ್ಷೇಪವೂ ಇಲ್ಲ. ಓಡಿದಿರಿ, ಓಡಿಸಿದಿರಿ, ಎದುರಾಳಿ ಬ್ಲಾಂಚ್ ಬಿಂಗ್ಲಿಗೆ ಎರಡನೆಯ ಸೆಟ್‌ನಲ್ಲಿ ಒಂದು ಗೇಮೂ ಸಿಗಲಿಲ್ಲ. ಐದು ಸಲ ಗೆದ್ದು, 21ರ ವಯಸ್ಸಿಗೇ ಟೆನಿಸ್ ಬಿಟ್ಟು ನಡೆದಿರಿ. ಆಮೇಲೆ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ ಸ್ಕೇಟಿಂಗ್‌ನ ಮಂಜುಗಡ್ಡೆ, ಹಿಮದ ಇಳಿಜಾರು, ಮುಖ ಕೊಯ್ಯುವ ಗಾಳಿ. 1900ರಲ್ಲಿ ಇಂಗ್ಲೆಂಡಿನ ಹಾಕಿ ತಂಡ, ಐರ್ಲೆಂಡ್ ವಿರುದ್ಧ ಗೆಲುವು ತಂದ ಎರಡೂ ಗೋಲು ನಿಮ್ಮವೇ. 1904ರಲ್ಲಿ ಟ್ರೂನ್‌ನ ಗಾಲ್ಫ್ ಫೈನಲ್: ಎರಡು ಗುಳಿ ಉಳಿದಿರುವಾಗ ಸಮಸಮ. ಮೇ ಹೆಜ್ಲೆಟ್‌ ಹೊಡೆದ ಚೆಂಡು ಗುಳಿಯ ಪಕ್ಕದಲ್ಲೇ ಉರುಳಿಹೋಯಿತು, ಗೆಲುವು ನಿಮ್ಮದಾಯಿತು.

ಅಲ್ಲೆಲ್ಲ ಎದುರಾಳಿಯೊಬ್ಬಳಿದ್ದಳು. ಅವಳು ದಣಿಯಬಹುದಿತ್ತು, ತಪ್ಪಬಹುದಿತ್ತು, ಅವಳನ್ನು ಓಡಿಸಬಹುದಿತ್ತು. ಇಲ್ಲಿ ಓಡುವ ಕಾಲಿಗೆ ಕೆಲಸವೇ ಇಲ್ಲ. ಪಕ್ಕದಲ್ಲಿ ಕ್ವೀನಿ ನ್ಯೂವಾಲ್, 53 ವರ್ಷದ ಹೆಂಗಸು, ಒಂದೇ ಹದದಲ್ಲಿ ಎಳೆದು ಬಿಡುತ್ತಿದ್ದಾರೆ. ಅವರನ್ನು ತಡೆಯಲು ನಿಮ್ಮ ಕೈಯಲ್ಲಿ ಏನೂ ಇಲ್ಲ. ನೋಡಬೇಡಿ. ನೋಡಿದಿರಿ. ಮುಂದಿನ ಬಾಣ ಕಪ್ಪಿಗೆ. ಅದರ ಮುಂದಿನದು ಬಿಳಿಗೆ. ಬೆರಳು ಉರಿಯುತ್ತಿದೆ, ಗಂಟಲು ಒಣಗಿದೆ, ಬತ್ತಳಿಕೆ ಬರಿದಾಗುತ್ತಿದೆ. 50 ಗಜಕ್ಕೆ ಬಂದರೂ ಅಂತರ ಕರಗುವುದಿಲ್ಲ. ಎಳೆಯಿರಿ. ಬಿಡಿ. ಮತ್ತೆ ಎಳೆಯಿರಿ.

ಮುಗಿಯಿತು. ಎರಡೂ ದಿನ ಸೇರಿ ನ್ಯೂವಾಲ್‌ಗೆ 688, ನಿಮಗೆ 642. ಗಂಡಸರ ವಿಭಾಗದಲ್ಲಿ ಒಂದು ಚಿನ್ನ ನಿಮ್ಮ ಅಣ್ಣ ವಿಲಿಯಂ‌ಗೆ.

ಹತ್ತಿ ವ್ಯಾಪಾರದಲ್ಲಿ ಅಪ್ಪ ಗಳಿಸಿದ ಹಣವಿದ್ದುದರಿಂದ ಲಾಟಿಗೆ ದುಡಿದು ಬದುಕಬೇಕಾದ ಅಗತ್ಯ ಬರಲಿಲ್ಲ, ಇದನ್ನು ಮರೆಯಬಾರದು. ಆದರೆ ಹಣವಿದ್ದವರೆಲ್ಲ, ಗೆದ್ದ ಆಟ ಬಿಟ್ಟು ಗೊತ್ತಿಲ್ಲದ ಆಟವನ್ನು ಮೊದಲಿನಿಂದ ಕಲಿಯಲು ನಿಲ್ಲುವುದಿಲ್ಲ. ಅದಕ್ಕೇ ಆಕೆಯ ಗೆಲುವುಗಳಿಗಿಂತ ಈ 642 ನನಗೆ ದೊಡ್ಡದು. ಆ ಗೆಲುವುಗಳೂ ಚಿಕ್ಕವಲ್ಲ, ವಿಂಬಲ್ಡನ್ ಮಹಿಳಾ ಸಿಂಗಲ್ಸ್‌ನ ಅತಿ ಕಿರಿಯ ಚಾಂಪಿಯನ್ ಇಂದಿಗೂ ಆಕೆಯೇ: 15 ವರ್ಷ 285 ದಿನ.